ಸನ್‌ರೂಮ್ ಬೇಕು, ಸೆಕೆ ಬೇಡ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ: ಕಡಲ ಹತ್ತಿರದ ಮನೆ, ವಿನೈಲ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟು, ಸನ್‌ರೂಮ್ ಎನ್ನುವ ಗಾಜಿನ ಕೋಣೆ. ಕಟ್ಟಿಸಬೇಕೆಂದಿರುವವರೂ ಇದ್ದಾರೆ, ಕಟ್ಟಿಸಿ ಬೆವರು ಒರೆಸಿಕೊಳ್ಳುತ್ತಿರುವವರೂ ಇದ್ದಾರೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟು, ಇವತ್ತು ಇದನ್ನೇ ಕೂತು ಮಾತಾಡೋಣ.

ಪ್ರಶ್ನೆ: ಮೇಡಂ, ನಮ್ಮ ಮನೆಯಿಂದ ಸಮುದ್ರಕ್ಕೆ ಹೆಚ್ಚೆಂದರೆ ಅರ್ಧ ಕಿಲೋಮೀಟರ್. ಪಶ್ಚಿಮಕ್ಕೆ 10 ಅಡಿ ಅಗಲ, 14 ಅಡಿ ಉದ್ದದ ತೆರೆದ ಜಗಲಿ ಇದೆ. ಕಬ್ಬಿಣದ ಗ್ರಿಲ್‌ಗೆ ಬಣ್ಣ ಹೊಡೆದು ಹೊಡೆದು ಸಾಕಾಗಿದೆ. ಮರದ ಬಾಗಿಲು ಮಳೆಗಾಲದಲ್ಲಿ ಉಬ್ಬಿಕೊಂಡು ಮುಚ್ಚುವುದೇ ಇಲ್ಲ. ಅದಕ್ಕೇ ಜಗಲಿಯನ್ನೇ ವಿನೈಲ್ ಸನ್‌ರೂಮ್ ಮಾಡಿಸೋಣ ಅಂತಿದ್ದೇನೆ. ಕೆಲಸದವರು ಛಾವಣಿಯನ್ನೂ ಗಾಜಿನದ್ದೇ ಹಾಕಿಸಿ, ನೋಡೋಕೆ ಚೆಂದ, ನಿರ್ವಹಣೆಯ ತಲೆನೋವೇ ಇಲ್ಲ ಎನ್ನುತ್ತಾರೆ. ನಮ್ಮ ಯಜಮಾನರು ಮಾತ್ರ ಅದು ಕೋಣೆ ಅಲ್ಲ, ಒಲೆ ಆಗುತ್ತದೆ ಎಂದು ಹಟ ಹಿಡಿದಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ಚೌಕಟ್ಟಿನ ವಿಷಯದಲ್ಲಿ ಕೆಲಸದವರ ಮಾತು ಕೇಳಿ, ಛಾವಣಿಯ ವಿಷಯದಲ್ಲಿ ಯಜಮಾನರ ಮಾತು ಕೇಳಿ. ಇಬ್ಬರೂ ಅರ್ಧರ್ಧ ಸರಿ.

ಸನ್‌ರೂಮ್ ಎನ್ನುವುದು ಚಳಿ ಪ್ರದೇಶದವರ ಆಸೆ. ಅವರಿಗೆ ಬಿಸಿಲು ಬೇಕು, ಗಾಳಿ ಬೇಡ. ನಿಮಗೆ ಬೇಕಿರುವುದು ಸರಿಯಾಗಿ ಅದರ ಉಲ್ಟಾ. ಬೆಳಕು ಬೇಕು, ಗಾಳಿ ಬೇಕು, ಮಳೆ ಎರಚಲು ಬೇಡ, ಸೊಳ್ಳೆ ಬೇಡ, ಬಿಸಿಲಂತೂ ಬೇಡವೇ ಬೇಡ. ಹೆಸರು ಸನ್‌ರೂಮ್ ಅಂತಲೇ ಇರಲಿ, ಆದರೆ ಕ್ಯಾಟಲಾಗ್‌ನಲ್ಲಿ ಚೆಂದ ಕಾಣುವ ಆ ಗಾಜಿನ ಪೆಟ್ಟಿಗೆಯನ್ನು ಹಾಗೇ ತಂದು ನಿಮ್ಮ ಜಗಲಿಗೆ ಅಂಟಿಸಬೇಡಿ.

ಒಂದು ಸಣ್ಣ ಲೆಕ್ಕ ಹಾಕೋಣ. ನಡು ಮಧ್ಯಾಹ್ನ ಶುಭ್ರ ಆಕಾಶ ಇದ್ದರೆ ಒಂದು ಚದರ ಮೀಟರ್ ಜಾಗಕ್ಕೆ ಹೆಚ್ಚುಕಡಿಮೆ 1000 ವಾಟ್ ಬಿಸಿಲು ಬೀಳುತ್ತದೆ. ಸಾದಾ ಗಾಜು ಅದರಲ್ಲಿ ಸುಮಾರು ಶೇ. 80ರಷ್ಟನ್ನು ಒಳಗೆ ಬಿಡುತ್ತದೆ. ನಿಮ್ಮ ಜಗಲಿ 13 ಚದರ ಮೀಟರ್. ಅಂದರೆ ಗಾಜಿನ ಛಾವಣಿ ಹಾಕಿದರೆ, ಸಾವಿರ ವಾಟಿನ ಹತ್ತು ಹೀಟರ್‌ಗಳನ್ನು ತಲೆಯ ಮೇಲೆ ನೇತುಹಾಕಿ ಸ್ವಿಚ್ ಹಾಕಿದ ಹಾಗೆ. ಒಂದು ಟನ್ ಎಸಿ ಹೊರಗೆ ಹಾಕುವುದು ಸುಮಾರು 3500 ವಾಟ್ ಶಾಖವನ್ನು. ಛಾವಣಿಯಿಂದ ಬಂದದ್ದನ್ನು ಹೊರಹಾಕಲಿಕ್ಕೇ ಮೂರು ಟನ್ ಬೇಕಾಯಿತು, ಪಶ್ಚಿಮದ ಗೋಡೆಯ ಲೆಕ್ಕ ಇನ್ನೂ ಹಿಡಿದೇ ಇಲ್ಲ! ಒಳಗೆ ಬಂದ ಬಿಸಿಲು ನೆಲವನ್ನು, ಕುರ್ಚಿಯನ್ನು ಕಾಯಿಸುತ್ತದೆ. ಕಾದ ನೆಲ ಬಿಡುವ ಝಳವನ್ನು ಗಾಜು ಹೊರಗೆ ಬಿಡುವುದಿಲ್ಲ, ಬಿಸಿಯಾದ ಗಾಳಿಗೂ ಹೋಗಲು ದಾರಿ ಇಲ್ಲ. ಯಜಮಾನರು ಒಲೆ ಎಂದದ್ದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ.

ಹಾಗಾಗಿ ಛಾವಣಿ ಗಟ್ಟಿಯಾದದ್ದೇ ಇರಲಿ. ಈಗಾಗಲೇ ಜಗಲಿಗೆ ಒಳ್ಳೆಯ ಹೆಂಚೋ ಸ್ಲ್ಯಾಬೋ ಇದ್ದರೆ ಅದನ್ನು ಮುಟ್ಟಲೇಬೇಡಿ, ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಹೊಸದಾಗಿ ಹಾಕಿಸುವುದಾದರೆ ಎರಡು ತಗಡುಗಳ ನಡುವೆ ಫೋಮ್ ತುಂಬಿದ ಸ್ಯಾಂಡ್‌ವಿಚ್ ಪ್ಯಾನೆಲ್ ಸಾಕು. ಫೋಮ್ 50 ಮಿ.ಮೀ.ಗಿಂತ ಕಡಿಮೆ ಬೇಡ, ಮೇಲಿನ ಬಣ್ಣ ಬಿಳಿ ಅಥವಾ ತೀರಾ ತಿಳಿ ಇರಲಿ, ಸುತ್ತಲೂ ಎರಡರಿಂದ ಮೂರು ಅಡಿ ಚಾಚಿಕೊಂಡಿರಲಿ. ಕತ್ತಲಾಗುತ್ತದೆ ಎಂಬ ಭಯ ಬೇಡ. ಮೂರು ಕಡೆ ಗಾಜು ಇರುವ ಕೋಣೆಗೆ ಮೇಲಿನಿಂದ ಬೆಳಕು ಬೇಕಾಗುವುದೇ ಇಲ್ಲ. ಪಾಲಿಕಾರ್ಬೊನೇಟ್ ಹಾಳೆ ಹಾಕಿ ಎಂದು ಕೆಲವರು ಹೇಳುತ್ತಾರೆ. ನಮ್ಮ ಹಳೆಯ ಮನೆಯ ಹಿತ್ತಲ ಕಡೆ ನಾನೂ ಹಾಕಿಸಿದ್ದೆ. ಜೋರು ಮಳೆಯಲ್ಲಿ ಎದುರು ಕೂತವರ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಸಾಲದ್ದಕ್ಕೆ ಆ ಹಾಳೆಗೆ ಬಿಸಿಲು ತಡೆಯುವ ಲೇಪ ಸಾಮಾನ್ಯವಾಗಿ ಒಂದೇ ಕಡೆ ಇರುತ್ತದೆ. ಆ ಮೈ ಮೇಲಕ್ಕಿರಬೇಕು ಅಂತ ಅಂಟಿಸಿದ ಕಾಗದದ ಮೇಲೆ ಬರೆದೇ ಇರುತ್ತದೆ, ನಮ್ಮವರು ಕಾಗದ ಕಿತ್ತು ಎಸೆದು ಉಲ್ಟಾ ಹಾಕಿದ್ದರು. ಹಾಳೆ ಹಳದಿಯಾದ ಮೇಲೇ ಗೊತ್ತಾಗಿದ್ದು.

ಈಗ ಪಶ್ಚಿಮದ ಮಾತು. ನಿಮ್ಮಲ್ಲಿ ಹಗಲು ಕಡಲ ಗಾಳಿ ಬರುವ ದಿಕ್ಕೂ ಅದೇ, ಸಂಜೆ ಬಿಸಿಲು ಬಡಿಯುವ ದಿಕ್ಕೂ ಅದೇ. ಅದನ್ನು ಪೂರ್ತಿ ಮುಚ್ಚಿದರೆ ಗಾಳಿ ಹೋಯಿತು, ಪೂರ್ತಿ ಬಿಟ್ಟರೆ ಮೂರು ಗಂಟೆಯ ಮೇಲೆ ಕೂರುವ ಹಾಗಿಲ್ಲ. ಇಳಿ ಬಿಸಿಲು ಅಡ್ಡಡ್ಡ ಬರುವುದರಿಂದ ಮೇಲಿನ ಸಜ್ಜಾ ಅದನ್ನು ತಡೆಯುವುದಿಲ್ಲ. ಗಾಜಿನ ಹೊರಗೆ ಇಳಿಬಿಡುವ ಬಿದಿರಿನ ಪರದೆಯೋ, ಅಡ್ಡಪಟ್ಟಿಗಳೋ, ಬಳ್ಳಿ ಹಬ್ಬಿಸಿದ ಜಾಲರಿಯೋ ಬೇಕು. ಹೊರಗೆ ಎಂದು ಒತ್ತಿ ಹೇಳಿದ್ದು ಸುಮ್ನೆ ಅಲ್ಲ. ಒಳಗಿನ ಪರದೆ ಬಿಸಿಲನ್ನು ತಡೆಯುವ ಹೊತ್ತಿಗೆ ಬಿಸಿಲು ಗಾಜು ದಾಟಿ ಬಂದಾಗಿರುತ್ತದೆ. ಪರದೆಯೇ ಕಾದು ನಿಮ್ಮ ಪಕ್ಕದಲ್ಲಿ ಇನ್ನೊಂದು ಹೀಟರ್ ಆಗಿ ನಿಲ್ಲುತ್ತದೆ, ಅಷ್ಟೇ.

ಕಿಟಕಿಗಳನ್ನು ಜಾರುವ ಮಾದರಿ ಮಾಡಿಸಬೇಡಿ, ಹೊರಕ್ಕೆ ತೆರೆಯುವ ಮಾದರಿ ಮಾಡಿಸಿ. ಜಾರುವ ಕಿಟಕಿ ಎಷ್ಟೇ ದೊಡ್ಡದಿರಲಿ, ತೆರೆಯುವುದು ಅರ್ಧ ಮಾತ್ರ. ಅದರ ಟ್ರ್ಯಾಕ್‌ನಲ್ಲಿ ಮರಳು ಕೂರುತ್ತದೆ. ತೆರೆಯುವ ಕಿಟಕಿ ಪೂರ್ತಿ ತೆರೆಯುತ್ತದೆ, ಮುಚ್ಚಿದಾಗ ರಬ್ಬರ್‌ಗೆ ಒತ್ತಿಕೊಂಡು ಕೂರುವುದರಿಂದ ಎರಚಲು ನೀರನ್ನೂ ಚೆನ್ನಾಗಿ ತಡೆಯುತ್ತದೆ. ಛಾವಣಿಗೆ ತಾಗಿದಂತೆ ಸಣ್ಣ ಅಡ್ಡ ಕಿಟಕಿಗಳನ್ನೂ ಇಡಿಸಿ, ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೋಗಲಿ. ಒಂದು ಫ್ಯಾನ್ ಇರಲಿ. ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ, ನಿಮ್ಮ ಬೆವರನ್ನು ಆರಿಸುತ್ತದೆ. ಕಡಲ ಬದಿಯ ಸೆಕೆಗೆ ಅದೇ ಮುಖ್ಯ.

ಇನ್ನು ವಿನೈಲ್. ಕಿಟಕಿಗೆ ಬಳಸುವುದು ಯುಪಿವಿಸಿ, ಅಂದರೆ ಮೆದು ಮಾಡುವ ಎಣ್ಣೆ ಬೆರೆಸದ ಗಟ್ಟಿ ಪಿವಿಸಿ. ಉಪ್ಪುಗಾಳಿಗೆ ಇದು ಜಗ್ಗುವುದಿಲ್ಲ. ಯಾಕೆ ಗೊತ್ತಾ? ಪಿವಿಸಿಯ ತೂಕದಲ್ಲಿ ಸುಮಾರು ಶೇ. 57 ಕ್ಲೋರಿನ್, ಆ ಕ್ಲೋರಿನ್ ತೆಗೆಯುವುದೇ ಉಪ್ಪುನೀರಿನಿಂದ. ಉಪ್ಪಿನಿಂದ ಹುಟ್ಟಿದ್ದಕ್ಕೆ ಉಪ್ಪಿನ ಭಯ ಎಲ್ಲಿಯದು, ಅಂತ ನಾನು ತಮಾಷೆಗೆ ಹೇಳುವುದುಂಟು. ತುಕ್ಕು ಇಲ್ಲ, ಗೆದ್ದಲು ಇಲ್ಲ, ನೀರು ಕುಡಿದು ಉಬ್ಬುವುದೂ ಇಲ್ಲ. ಅದರ ಶತ್ರು ಬಿಸಿಲು. ಬಿಸಿಲಿನ ಅತಿನೇರಳೆ ಕಿರಣ ತಡೆಯಲು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಬೆರೆಸುತ್ತಾರೆ. ಯುರೋಪಿನ ಇಎನ್ 12608 ಎಂಬ ಮಾನದಂಡದಲ್ಲಿ ಹವಾಮಾನಕ್ಕೆ ತಕ್ಕಂತೆ ಎರಡು ವರ್ಗ ಇವೆ: ಸಾಧಾರಣ ಹವೆಗೆ 'ಎಂ', ಕಡು ಬಿಸಿಲಿಗೆ 'ಎಸ್'. ನೀವು 'ಎಸ್' ಕೇಳಿ. ಹೊರಗೆ ಕಾಣುವ ಗೋಡೆಯ ದಪ್ಪಕ್ಕೂ ಅಲ್ಲಿ ಲೆಕ್ಕ ಇದೆ. 'ಎ' ವರ್ಗ ಎಂದರೆ 2.8 ಮಿ.ಮೀ. ಅಥವಾ ಜಾಸ್ತಿ. ಕೆಲಸದವರು ತೋರಿಸುವ ತುಂಡನ್ನು ಕೈಗೆ ತಗೊಂಡು ಸ್ಕೇಲ್ ಇಟ್ಟು ನೋಡಿ, ನಾಚಿಕೆ ಏನಿಲ್ಲ.

ಪ್ರಶ್ನೆ: ಬಿಳಿ ಬಣ್ಣ ಆಸ್ಪತ್ರೆಯ ಹಾಗೆ ಕಾಣುತ್ತದೆ ಎಂದು ಮಗಳು ಬೇಡ ಅನ್ನುತ್ತಾಳೆ. ಗಾಢ ಕಂದು, ಮರದ ಹಾಗೆ ಕಾಣುವ ವಿನೈಲ್ ಈಗ ಬಂದಿದೆಯಲ್ಲ, ಅದನ್ನು ಹಾಕಿಸಬಹುದೇ?

ಉತ್ತರ: ಬಿಸಿಲು ಬೀಳದ ಕಡೆ ಹಾಕಿಸಿ. ಬಿಸಿಲು ಬೀಳುವ ಕಡೆ ಮಗಳನ್ನು ಸ್ವಲ್ಪ ಸಮಾಧಾನ ಮಾಡಿ.

ಒಂದು ಮನೆಯಲ್ಲಿ ನಾನು ಕಣ್ಣಾರೆ ನೋಡಿದ್ದು ಹೇಳುತ್ತೇನೆ. ಪಶ್ಚಿಮಕ್ಕೆ ಎಂಟಡಿ ಎತ್ತರದ ಕಂದು ಬಾಗಿಲು. ಬೆಳಗ್ಗೆ ಬೀಗದ ಕೀಲಿ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಭುಜ ಕೊಟ್ಟು ತಳ್ಳಿದರೂ ಬೀಗ ಬೀಳುತ್ತಿರಲಿಲ್ಲ. ರಾತ್ರಿ ಎಂಟಕ್ಕೆ ಮತ್ತೆ ಸರಿ. ರಿಪೇರಿಯವರು ಬರುತ್ತಿದ್ದದ್ದು ಬೆಳಗ್ಗೆ ಹತ್ತಕ್ಕೆ. ಪ್ರತಿ ಸಲವೂ ಬಾಗಿಲು ಚೆನ್ನಾಗೇ ಇದೆಯಲ್ಲಮ್ಮ ಎಂದು ಹೇಳಿ ಹೋಗುತ್ತಿದ್ದರು. ಮೂರನೇ ಸಲ ಆ ಮನೆಯಾಕೆ ಅವರನ್ನು ಮಧ್ಯಾಹ್ನ ಮೂರಕ್ಕೇ ಕರೆಸಿ, ಬಾಗಿಲ ಉದ್ದಕ್ಕೂ ಒಂದು ದಾರ ಎಳೆದು ಹಿಡಿದರು. ನಡುವೆ ಬಾಗಿಲು ಬೆರಳು ತೂರುವಷ್ಟು ಹೊರಕ್ಕೆ ಬಾಗಿತ್ತು.

ಕಾರಣ ಇಷ್ಟೇ. ಯುಪಿವಿಸಿ ಒಂದು ಮೀಟರ್‌ಗೆ, ಒಂದು ಡಿಗ್ರಿ ಬಿಸಿ ಏರಿದರೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. ಅಲ್ಯೂಮಿನಿಯಂ ಹಿಗ್ಗುವುದು ಅದರ ಮೂರರಲ್ಲೊಂದು ಪಾಲು, ಗಾಜು ಇನ್ನೂ ಕಡಿಮೆ. ಮೂರು ಮೀಟರ್ ಉದ್ದದ ಬಿಳಿ ಪಟ್ಟಿ ಬೆಳಗಿನ 25 ಡಿಗ್ರಿಯಿಂದ ಮಧ್ಯಾಹ್ನ 45ಕ್ಕೆ ಹೋದರೆ ನಾಲ್ಕು ಮಿ.ಮೀ. ಬೆಳೆಯುತ್ತದೆ. ಗಾಢ ಬಣ್ಣದ್ದು 65ಕ್ಕೆ ಹೋದರೆ ಎಂಟು ಮಿ.ಮೀ. ಅದೂ ಬಿಸಿಲು ಬಡಿಯುವ ಹೊರಮೈ ಜಾಸ್ತಿ ಬೆಳೆದು ಒಳಮೈ ಕಡಿಮೆ ಬೆಳೆದಾಗ ಪಟ್ಟಿ ಬಿಲ್ಲಿನ ಹಾಗೆ ಬಾಗಲೇಬೇಕು, ಅಲ್ವಾ? ಯುಪಿವಿಸಿ ಮೆತ್ತಗಾಗುವುದು 80 ಡಿಗ್ರಿ ಆಸುಪಾಸಿನಲ್ಲಿ. ಗಾಢ ಬಣ್ಣ ಕಡು ಬಿಸಿಲಲ್ಲಿ ಅದಕ್ಕೆ ತುಂಬಾ ದೂರವೇನೂ ಇರುವುದಿಲ್ಲ.

ಬಣ್ಣ ಬೇಕೇಬೇಕು ಎಂದರೆ ತಿಳಿ ಬೂದಿ, ಕೆನೆ ಬಣ್ಣ ನೋಡಿ. ಅಥವಾ ಒಳಮೈಗೆ ಮಾತ್ರ ಮರದ ಬಣ್ಣ, ಹೊರಗೆ ಬಿಳಿ ಇರುವ ಮಾದರಿ ಸಿಗುತ್ತದೆ. ಕೂರುವವರಿಗೆ ಕಾಣುವುದು ಒಳಮೈ ತಾನೇ.

ಪ್ರಶ್ನೆ: ವಿನೈಲ್‌ಗೆ ತುಕ್ಕು ಹಿಡಿಯುವುದಿಲ್ಲ ಎಂದು ನಂಬಿ ಮೂರು ವರ್ಷದ ಹಿಂದೆ ಕಟ್ಟಿಸಿದೆವು. ಈಗ ಬಿಳಿ ಚೌಕಟ್ಟಿನ ಕೆಳಗಿನ ತೂತುಗಳಿಂದ ಕಂದು ನೀರು ಇಳಿದು ಗೋಡೆಯೆಲ್ಲ ಕಲೆಯಾಗಿದೆ. ನಮಗೆ ಮೋಸ ಆಯಿತೇ?

ಉತ್ತರ: ವಿನೈಲ್‌ಗೆ ತುಕ್ಕು ಹಿಡಿದಿಲ್ಲ. ಅದರ ಹೊಟ್ಟೆಯೊಳಗಿನ ಉಕ್ಕಿಗೆ ಹಿಡಿದಿದೆ. ವಿನೈಲ್ ತಾನಾಗಿಯೇ ಅಷ್ಟು ಗಟ್ಟಿ ಅಲ್ಲ, ಅದಕ್ಕೇ ಒಳಗಿನ ಟೊಳ್ಳಿನಲ್ಲಿ ಸತು ಲೇಪಿಸಿದ ಉಕ್ಕಿನ ಪಟ್ಟಿ ತೂರಿಸಿರುತ್ತಾರೆ. ಒಳ್ಳೆಯ ಚೌಕಟ್ಟಿನಲ್ಲಿ ಮಳೆನೀರು ಹರಿಯುವ ಟೊಳ್ಳು ಬೇರೆ, ಉಕ್ಕು ಇರುವ ಟೊಳ್ಳು ಬೇರೆ. ಎರಡರ ನಡುವೆ ಗೋಡೆ ಇರುತ್ತದೆ. ಹಾಗಾದರೆ ನೀರು ಹೋಗಿದ್ದು ಹೇಗೆ?

ಹೆಚ್ಚಿನ ಸಲ ಇದು ಕೂರಿಸಿದವರ ಕೆಲಸ. ಕೆಳಗಿನ ಟ್ರ್ಯಾಕ್‌ನ ತಳಕ್ಕೇ ನೇರವಾಗಿ ತೂತು ಕೊರೆದು, ಉಕ್ಕನ್ನೂ ದಾಟಿಸಿ ನೆಲಕ್ಕೆ ಸ್ಕ್ರೂ ಹೊಡೆಯುತ್ತಾರೆ. ಮೇಲೆ ಒಂದು ಹನಿ ಸಿಲಿಕೋನ್ ಅಂಟು ಇಟ್ಟರೆ ಇಟ್ಟರು, ಇಲ್ಲದಿದ್ದರೆ ಇಲ್ಲ. ಟ್ರ್ಯಾಕ್‌ನಲ್ಲಿ ನಿಂತ ಉಪ್ಪುನೀರು ಆ ತೂತಿನಿಂದ ಉಕ್ಕಿನ ಟೊಳ್ಳಿಗೆ ಇಳಿಯುತ್ತದೆ. ಉಕ್ಕನ್ನು ಕತ್ತರಿಸಿದ ತುದಿಯಲ್ಲಿ ಸತುವೂ ಇರುವುದಿಲ್ಲ. ಮುಂದಿನದು ನೀವೇ ನೋಡುತ್ತಿದ್ದೀರಿ.

ಇನ್ನೊಂದು ಸಾಧ್ಯತೆ, ನೀರು ಹೊರಹೋಗುವ ತೂತುಗಳೇ ಕಟ್ಟಿಕೊಂಡಿರುವುದು. ಇವತ್ತೇ ಒಂದು ಪರೀಕ್ಷೆ ಮಾಡಿ. ಟ್ರ್ಯಾಕ್‌ಗೆ ಒಂದು ಚೊಂಬು ನೀರು ಸುರಿದು ಹೊರಗೆ ಹೋಗಿ ನಿಂತುಕೊಳ್ಳಿ. ಒಂದೆರಡು ನಿಮಿಷದಲ್ಲಿ ಎಲ್ಲ ತೂತುಗಳಿಂದಲೂ ನೀರು ಇಳಿಯಬೇಕು. ಇಳಿಯಲಿಲ್ಲ ಎಂದರೆ ಬೆರಳು ಹಾಕಿ ನೋಡಿ. ಮರಳು, ಉಪ್ಪು, ಸತ್ತ ಇರುವೆ, ಯಾವುದೋ ಹುಳು ಕಟ್ಟಿದ ಮಣ್ಣಿನ ಗೂಡು ಎಲ್ಲ ಸೇರಿ ಬೂದು ಬಣ್ಣದ ಲೇಹದ ಹಾಗೆ ಆಗಿರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್, ಒಂದು ಪ್ಲಾಸ್ಟಿಕ್ ಕಡ್ಡಿ ಸಾಕು. ಕಬ್ಬಿಣದ ತಂತಿ ತೂರಬೇಡಿ, ಅದರ ಚೂರು ಒಳಗೆ ಮುರಿದರೆ ಅದೇ ಹೊಸ ತುಕ್ಕು.

ಟ್ರ್ಯಾಕ್ ತಳದ ಸ್ಕ್ರೂಗಳನ್ನು ಬಿಚ್ಚಿಸಿ, ಒಳಗೆ ಪೂರ್ತಿ ಒಣಗಲು ಬಿಟ್ಟು, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಿ ತಲೆಯ ಸುತ್ತ ಸಿಲಿಕೋನ್ ಹಚ್ಚಿಸಿ. ಸಾಮಾನ್ಯವಾಗಿ ಕೊಡುವುದು 304. ಕಡಲ ಹತ್ತಿರ ಅದಕ್ಕೂ ಕಂದು ಕಲೆ ಬರುತ್ತದೆ. 316ರಲ್ಲಿ ಶೇ. 2ರಿಂದ 3 ಮಾಲಿಬ್ಡಿನಮ್ ಇರುವುದರಿಂದ ಉಪ್ಪನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ. ಅಂಗಡಿಯಲ್ಲಿ ಅಯಸ್ಕಾಂತ ಇಟ್ಟು ನೋಡಿ, ಅಂಟಲಿಲ್ಲ, 316ನೇ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 304 ಕೂಡ ಸಾಮಾನ್ಯವಾಗಿ ಅಂಟುವುದಿಲ್ಲ. ಸ್ಕ್ರೂ ತಲೆಯ ಮೇಲೆ ಎ4 ಎಂದು ಅಚ್ಚಾಗಿದ್ದರೆ ಅದು 316ರ ಗುಂಪು, ಎ2 ಎಂದಿದ್ದರೆ 304ರದ್ದು. ಸಣ್ಣ ಸ್ಕ್ರೂಗಳಲ್ಲಿ ಅಚ್ಚು ಇರುವುದಿಲ್ಲ, ಡಬ್ಬದ ಮೇಲೆ ನೋಡಿ. ಹಿಂಜ್, ಲಾಕ್, ರೋಲರ್‌ಗಳಿಗೂ ಇದೇ ಮಾತು. ವಿನೈಲ್ ಮನೆಯಲ್ಲಿ ಮೊದಲು ಸಾಯುವುದು ವಿನೈಲ್ ಅಲ್ಲ, ಅದಕ್ಕೆ ಸಿಕ್ಕಿಸಿದ ಲೋಹ. ಹಣ ಉಳಿಸಲು ಹೋಗಿ ಎಲ್ಲರೂ ಕೈ ಸುಟ್ಟುಕೊಳ್ಳುವುದು ಅಲ್ಲೇ.

ಪ್ರಶ್ನೆ: ಎರಡು ಪದರದ ಗಾಜು ಹಾಕಿದರೆ ಸೆಕೆ ಕಡಿಮೆ ಆಗುತ್ತದಾ? ಇಲ್ಲ ಇರುವ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿದರೆ ಸಾಕಾ?

ಉತ್ತರ: ಎರಡು ಪದರ ಸಾದಾ ಗಾಜು ಬಿಸಿಲನ್ನು ಅಷ್ಟೇನೂ ತಡೆಯುವುದಿಲ್ಲ, ಹೊರಗಿನ ಬಿಸಿ ಗಾಳಿಯನ್ನು ತಡೆಯುತ್ತದೆ. ಕಿಟಕಿ ತೆರೆದಿಟ್ಟು ಕೂರುವವರಿಗೆ ಅದರಿಂದ ಏನು ಲಾಭ? ಗಾಜಿನ ಅಂಗಡಿಯಲ್ಲಿ ಎಸ್‌ಎಚ್‌ಜಿಸಿ ಎಷ್ಟು ಎಂದು ಕೇಳಿ. ಅಂದರೆ ಬಿದ್ದ ಬಿಸಿಲ ಶಾಖದಲ್ಲಿ ಒಳಗೆ ಬರುವ ಪಾಲು. ಸಾದಾ ಗಾಜಿಗೆ 0.8ರ ಸುತ್ತ, ಬಿಸಿಲು ತಡೆಯುವ ಲೋ-ಇ ಲೇಪದ ಎರಡು ಪದರದ್ದರಲ್ಲಿ 0.3ಕ್ಕಿಂತ ಕಡಿಮೆಯೂ ಸಿಗುತ್ತದೆ. ಎಸಿ ಹಾಕುವ ಕೋಣೆಯಾದರೆ ಅದಕ್ಕೆ ದುಡ್ಡು ಹಾಕಿ. ಬರೀ ಗಾಳಿಯ ಕೋಣೆಯಾದರೆ ಅದೇ ದುಡ್ಡನ್ನು ಹೊರಗಿನ ನೆರಳಿಗೆ ಹಾಕಿ.

ಕಪ್ಪು ಫಿಲ್ಮ್ ಬಿಸಿಲನ್ನು ಹೀರಿ ಗಾಜನ್ನೇ ಕಾಯಿಸುತ್ತದೆ. ಅಂಚು ನೆರಳಲ್ಲಿದ್ದು ನಡುಭಾಗ ಕಾದರೆ ಗಟ್ಟಿ ಮಾಡದ ಸಾದಾ ಗಾಜು ಸೀಳು ಬಿಡುವುದೂ ಉಂಟು. ಹಾಕಿಸುವುದೇ ಆದರೆ ಬಿಸಿಲನ್ನು ವಾಪಸು ಕಳಿಸುವ ಫಿಲ್ಮ್ ಹಾಕಿಸಿ.

ಸೋಫಾ ಬಟ್ಟೆ ಮಾಸುತ್ತದೆ ಎಂಬ ಚಿಂತೆ ಇರುವವರಿಗೆ ಲ್ಯಾಮಿನೇಟೆಡ್ ಗಾಜು ಒಳ್ಳೆಯದು. ಎರಡು ಗಾಜಿನ ನಡುವಿನ ಪ್ಲಾಸ್ಟಿಕ್ ಪದರ ಅತಿನೇರಳೆ ಕಿರಣವನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಬಣ್ಣ ಮಾಸುವುದು ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ತಲೆಯ ಮೇಲೆ ಎಲ್ಲಾದರೂ ಒಂದು ಚೂರು ಗಾಜು ಹಾಕಿಸಿದರೂ ಅದು ಲ್ಯಾಮಿನೇಟೆಡ್ಡೇ ಆಗಿರಬೇಕು, ಒಡೆದರೂ ಅಂಟಿಕೊಂಡೇ ಇರುತ್ತದೆ. ಅದರ ಅಂಚಿಗೆ ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಹಚ್ಚಲು ಬಿಡಬೇಡಿ, ನ್ಯೂಟ್ರಲ್ ಸಿಲಿಕೋನ್ ಎಂದು ಕೇಳಿ ತನ್ನಿ.

ಪ್ರಶ್ನೆ: ರಾತ್ರಿ ಎಸಿ ಹಾಕಿದರೆ ಬೆಳಗ್ಗೆ ಸನ್‌ರೂಮ್ ಗಾಜಿನ ಹೊರಗೆಲ್ಲ ನೀರು. ಗಾಜು ಸೋರುತ್ತಿದೆಯೇ?

ಉತ್ತರ: ಇಲ್ಲ. ಹೊರಗೆ 30 ಡಿಗ್ರಿ ಬಿಸಿ, ಶೇ. 80 ತೇವ ಇದ್ದರೆ 26 ಡಿಗ್ರಿಗಿಂತ ತಂಪಾದ ಯಾವುದರ ಮೇಲಾದರೂ ನೀರು ಕೂರುತ್ತದೆ. ತಣ್ಣೀರಿನ ಲೋಟ ಬೆವರುವ ಹಾಗೆ. ಎಸಿಯನ್ನು ಎರಡು ಡಿಗ್ರಿ ಮೇಲಕ್ಕೆ ಇಡಿ, ಗಾಳಿ ನೇರ ಗಾಜಿಗೆ ಬಡಿಯದ ಹಾಗೆ ತಿರುಗಿಸಿ. ಎರಡು ಪದರದ ಗಾಜಿನ ನಡುವೆ ಮಂಜು ಕಂಡರೆ ಮಾತ್ರ ಅಂಚಿನ ಸೀಲ್ ಹೋಗಿದೆ ಎಂದರ್ಥ, ಅದನ್ನು ಬದಲಾಯಿಸಲೇಬೇಕು.

ಪ್ರಶ್ನೆ: ನಮ್ಮಲ್ಲಿ ವರ್ಷಕ್ಕೊಮ್ಮೆಯಾದರೂ ಬಿರುಗಾಳಿ ಗ್ಯಾರಂಟಿ. ವಿನೈಲ್ ಹಾರಿಹೋಗುವುದಿಲ್ಲವೇ?

ಉತ್ತರ: ಹಾರುವುದು ವಿನೈಲ್ ಎನ್ನುವ ಕಾರಣಕ್ಕಲ್ಲ, ಹಿಡಿತ ಇಲ್ಲದ್ದಕ್ಕೆ. ಗಂಟೆಗೆ 72 ಕಿ.ಮೀ. ಗಾಳಿ ಒಂದು ಚದರ ಮೀಟರ್ ಮೇಲೆ ಸುಮಾರು 25 ಕಿಲೋ ಭಾರ ಹಾಕಿದಷ್ಟು ಒತ್ತುತ್ತದೆ. 144 ಕಿ.ಮೀ. ಆದರೆ 50 ಅಲ್ಲ, 100 ಕಿಲೋ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಛಾವಣಿಯನ್ನಂತೂ ಗಾಳಿ ಒತ್ತುವುದಕ್ಕಿಂತ ಮೇಲಕ್ಕೆ ಎಳೆಯುವುದೇ ಜಾಸ್ತಿ, ಅದೂ ಗಾಳಿ ಬರುವ ಕಡೆಯ ಒಂದು ಕಿಟಕಿ ತೆರೆದೇ ಉಳಿದಿದ್ದರೆ ಒಳಗಿನಿಂದಲೂ ನೂಕು ಬೀಳುತ್ತದೆ.

ಅದಕ್ಕೇ ಛಾವಣಿಯ ಭಾರವನ್ನು ಕಿಟಕಿ ಚೌಕಟ್ಟಿನ ಮೇಲೆ ಹೊರಿಸಬಾರದು. ಕಾಂಕ್ರೀಟ್ ಕಂಬವೋ, ಒಳ್ಳೆಯ ಲೇಪದ ಉಕ್ಕಿನ ಅಥವಾ ದಪ್ಪ ಅಲ್ಯೂಮಿನಿಯಂ ಕಂಬವೋ ಛಾವಣಿಯನ್ನು ಹೊತ್ತು ನಿಲ್ಲಲಿ, ವಿನೈಲ್ ಅವುಗಳ ನಡುವೆ ಕಿಟಕಿಯಾಗಿ ಕೂರಲಿ. ಚೌಕಟ್ಟನ್ನು ಗೋಡೆಗೆ ಹಿಡಿಸುವ ಬೋಲ್ಟ್‌ಗಳು 60 ಸೆಂ.ಮೀ.ಗಿಂತ ದೂರ ದೂರ ಇರಬಾರದು, ಮೂಲೆಯಿಂದ 15ರಿಂದ 25 ಸೆಂ.ಮೀ. ಒಳಗೆ ಒಂದು ಇರಲೇಬೇಕು. ಸಂದಿಗೆ ತುಂಬುವ ಹಳದಿ ಫೋಮ್ ಹಿಡಿತಕ್ಕಲ್ಲ, ಸಂದಿ ಮುಚ್ಚಲಿಕ್ಕೆ ಮಾತ್ರ. ಬರೀ ಫೋಮ್ ಹೊಡೆದು ಕಿಟಕಿ ನಿಲ್ಲಿಸಿ ಹೋದವರನ್ನೂ ನಾನು ನೋಡಿದ್ದೇನೆ. ಜೋರಾಗಿ ಬಾಗಿಲು ಹಾಕಿದರೆ ಕಿಟಕಿಯೇ ಅಲ್ಲಾಡುತ್ತಿತ್ತು. ಕಂಬ, ಛಾವಣಿಯ ಲೆಕ್ಕವನ್ನು ಮಾತ್ರ ನಿಮ್ಮ ಊರಿನ ಗಾಳಿ ಗೊತ್ತಿರುವ ಸ್ಟ್ರಕ್ಚರಲ್ ಎಂಜಿನಿಯರ್ ಕೈಲಿ ಮಾಡಿಸಿ, ಇದು ಪತ್ರದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ.

ಪ್ರಶ್ನೆ: ಮೇಸ್ತ್ರಿ ಚೌಕಟ್ಟಿನ ಸುತ್ತ ಸಂದಿ ಬಿಟ್ಟಿದ್ದಾರೆ ಎಂದು ನಾವೇ ಸಿಮೆಂಟ್ ಹಾಕಿ ಗಟ್ಟಿಯಾಗಿ ಮುಚ್ಚಿಸಿದೆವು. ಒಳ್ಳೆಯದೇ ಆಯಿತು ಅಲ್ಲವೇ?

ಉತ್ತರ: ಅಯ್ಯೋ, ಅದು ಬೇಕೆಂದೇ ಬಿಟ್ಟ ಸಂದಿ! ಮೇಲೆ ಹೇಳಿದ ನಾಲ್ಕು ಮಿ.ಮೀ. ಬೆಳೆಯಲು ಜಾಗ ಬೇಡವೇ? ಸಿಮೆಂಟ್ ಹಿಡಿದಿಟ್ಟರೆ ಒಂದೋ ಚೌಕಟ್ಟು ಬಾಗುತ್ತದೆ, ಇಲ್ಲವೇ ಸಿಮೆಂಟ್ ಬಿರುಕು ಬಿಟ್ಟು ಅಲ್ಲಿಂದ ಮಳೆನೀರು ಒಳಗೆ ಬರುತ್ತದೆ. ಕೆರೆದು ತೆಗೆಸಿ, ಒಳಗೆ ಫೋಮ್, ಹೊರಗೆ ಹಿಗ್ಗಿ ಕುಗ್ಗುವ ಸಿಲಿಕೋನ್ ಹಾಕಿಸಿ.

ಪ್ರಶ್ನೆ: ಸನ್‌ರೂಮ್ ಆದ ಮೇಲೆ ಅದರ ಹಿಂದಿನ ಮಲಗುವ ಕೋಣೆಯಲ್ಲಿ ಉಸಿರು ಕಟ್ಟಿದ ಹಾಗೆ ಆಗುತ್ತಿದೆ. ಬಟ್ಟೆ ಕಪಾಟಿನಲ್ಲಿ ಬೂಸ್ಟು ಬೇರೆ.

ಉತ್ತರ: ಆ ಕೋಣೆಯ ಕಿಟಕಿ ಮೊದಲು ಹೊರಗಿನ ಗಾಳಿಗೆ ತೆರೆಯುತ್ತಿತ್ತು, ಈಗ ಇನ್ನೊಂದು ಕೋಣೆಗೆ ತೆರೆಯುತ್ತದೆ. ಕಟ್ಟಿಸುವ ಮೊದಲು ಯಾರೂ ಯೋಚಿಸದ ವಿಷಯ ಇದು. ಮಲಗುವ ಕೋಣೆಗೆ ಬೇರೆ ಗೋಡೆಯಲ್ಲಿ ಕಿಟಕಿ ತೆಗೆಸಲು ಆದರೆ ಅದೇ ಸರಿಯಾದ ದಾರಿ. ಆಗದಿದ್ದರೆ ಬೇರೆ ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಸಂಜೆ ಬಿಸಿಲು ಇಳಿದ ಮೇಲೆ ಸನ್‌ರೂಮ್ ಕಿಟಕಿಗಳನ್ನೂ ತೆರೆದು ಎರಡೂ ಕೋಣೆಗೆ ಗಾಳಿ ಆಡಿಸಿ. ಹಗಲು ಮಾತ್ರ ನಡುವಿನ ಬಾಗಿಲು ಮುಚ್ಚಿಡಿ. ಆ ಬಾಗಿಲನ್ನು ತೆಗೆಸಿ ಎರಡೂ ಒಂದೇ ಮಾಡೋಣ ಎಂದು ಯಾರಾದರೂ ಸಲಹೆ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಒಂದು ಮಾತು, ಗ್ಯಾಸ್ ಗೀಸರ್‌ನ ಹೊಗೆ ಕೊಳವೆ ಆ ಜಗಲಿಯ ಕಡೆಗೆ ಇದ್ದರೆ ಇವತ್ತೇ ಗೀಸರ್ ನಿಲ್ಲಿಸಿ. ಮುಚ್ಚಿದ ಜಾಗಕ್ಕೆ ಆ ಹೊಗೆ ಬಂದರೆ ಪ್ರಾಣಕ್ಕೇ ಅಪಾಯ.

ಪ್ರಶ್ನೆ: ಇಷ್ಟೆಲ್ಲ ಯಾಕೆ ಮೇಡಂ, ಪಾರದರ್ಶಕ ವಿನೈಲ್ ಪರದೆ ಸುರುಳಿ ಸಿಗುತ್ತದಲ್ಲ, ಮಳೆ ಬಂದಾಗ ಇಳಿಸಿದರೆ ಸಾಲದೇ?

ಉತ್ತರ: ಮಳೆಗಾಲದ ನಾಲ್ಕು ತಿಂಗಳಿಗೆ ಮಾತ್ರ ಬೇಕಿದ್ದರೆ ಸಾಕು, ನಿಜವಾಗಿಯೂ ಸಾಕು. ಆದರೆ ಹೆಸರು ಒಂದೇ ಆದರೂ ಇದು ಬೇರೆ ವಸ್ತು, ಎಣ್ಣೆ ಬೆರೆಸಿ ಮೆದು ಮಾಡಿದ ಪಿವಿಸಿ. ಬಿಸಿಲಿಗೆ ಹಳದಿಯಾಗುತ್ತದೆ, ವರ್ಷ ಕಳೆದಂತೆ ಬಿರುಸಾಗುತ್ತದೆ, ಒದ್ದೆ ಇರುವಾಗಲೇ ಸುತ್ತಿಟ್ಟರೆ ಒಳಗೆ ಬೂಸ್ಟು ಹಿಡಿಯುತ್ತದೆ. ಕೆಲವು ವರ್ಷಕ್ಕೊಮ್ಮೆ ಬದಲಾಯಿಸುವ ಸಾಮಾನು ಎಂದುಕೊಂಡೇ ತನ್ನಿ.

ಪ್ರಶ್ನೆ: ನಿರ್ವಹಣೆ ಕಡಿಮೆ ಅಂತೀರಿ, ಇಲ್ಲವೇ ಇಲ್ಲ ಅನ್ನುವುದಿಲ್ಲ. ಹಾಗಾದರೆ ಎಷ್ಟು ಕೆಲಸ?

ಉತ್ತರ: ತಿಂಗಳಿಗೆ ಒಂದು ಭಾನುವಾರದ ಬೆಳಗ್ಗೆ ಅರ್ಧ ಗಂಟೆ. ಹೊರಗಿನಿಂದ ಪೈಪ್ ಹಿಡಿದು ಗಾಜು, ಚೌಕಟ್ಟು, ಹಿಂಜ್ ಎಲ್ಲದರ ಉಪ್ಪು ತೊಳೆಯಿರಿ. ಮಳೆಗಾಲದಲ್ಲಿ ಸಜ್ಜಾ ಕೆಳಗಿನ ಭಾಗಕ್ಕೆ ಮಳೆ ತಾಗುವುದಿಲ್ಲ, ಉಪ್ಪು ಕೂರುವುದು ಅಲ್ಲೇ ಜಾಸ್ತಿ, ಅದನ್ನು ಮರೆಯಬೇಡಿ. ಕೊಳೆ ಇದ್ದರೆ ಮೆದು ಬಟ್ಟೆ, ಪಾತ್ರೆ ತೊಳೆಯುವ ಸೋಪಿನ ನೀರು. ಸ್ಕ್ರಬ್ಬರ್, ಥಿನ್ನರ್, ಪೆಟ್ರೋಲ್ ಬೇಡ. ಟ್ರ್ಯಾಕ್ ತೂತಿಗೆ ಒಂದು ಚೊಂಬು ನೀರು, ಅದು ಆಗಲೇ ಹೇಳಿದೆ.

ಆರು ತಿಂಗಳಿಗೊಮ್ಮೆ ರಬ್ಬರ್ ಬೀಡಿಂಗ್‌ಗೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಹೊಲಿಗೆ ಮೆಷಿನ್ ಎಣ್ಣೆ ಕಿಟಕಿಯ ಹಿಂಜ್‌ಗೆ ಒಂದು ಹನಿ ಸರಿ, ರಬ್ಬರ್‌ಗೆ ತಾಗಬಾರದು. ಚೌಕಟ್ಟಿಗೆ ಹಾಕುವ ಇಪಿಡಿಎಂ ರಬ್ಬರ್ ಪೆಟ್ರೋಲಿಯಂ ಎಣ್ಣೆಯಲ್ಲಿ ಉಬ್ಬುತ್ತದೆ. ಸೊಳ್ಳೆ ಪರದೆ ಅಲ್ಯೂಮಿನಿಯಂದು ಆಗಿದ್ದರೆ ಉಪ್ಪು ತಿಂದು ಪುಡಿ ಪುಡಿಯಾಗುತ್ತದೆ, ಫೈಬರ್‌ಗ್ಲಾಸ್ ಹಾಕಿಸಿ. ವರ್ಷಕ್ಕೊಮ್ಮೆ ಒಣಗಿದ ಅಂಗೈಯನ್ನು ಹೊರಗಿನ ಚೌಕಟ್ಟಿನ ಮೇಲೆ ಉಜ್ಜಿ ನೋಡಿ. ಸೀಮೆಸುಣ್ಣದಂಥ ಬಿಳಿ ಪುಡಿ ಕೈಗೆ ಹತ್ತಿದರೆ ಮೇಲ್ಮೈಯನ್ನು ಬಿಸಿಲು ತಿನ್ನುತ್ತಿದೆ ಎಂದರ್ಥ. ತಕ್ಷಣ ಗಾಬರಿ ಬೇಡ, ಚೌಕಟ್ಟು ಮುರಿದು ಬೀಳುವುದಿಲ್ಲ. ಆದರೆ ಎರಡನೇ ವರ್ಷಕ್ಕೇ ಹೀಗಾಗಿದ್ದರೆ ನಿಮಗೆ ಕೊಟ್ಟದ್ದು ಕಡು ಬಿಸಿಲಿನ ಮಾಲು ಅಲ್ಲ. ವಾರಂಟಿ ಕಾಗದ ಹುಡುಕಿ.

ಪ್ರಶ್ನೆ: ಚೌಕಟ್ಟಿನ ಮೇಲೆ ಕಂಪನಿ ಅಂಟಿಸಿದ ನೀಲಿ ಪ್ಲಾಸ್ಟಿಕ್ ಹಾಗೇ ಬಿಟ್ಟಿದ್ದೇವೆ, ಹೊಸದು ಹೊಸದಾಗಿಯೇ ಇರಲಿ ಅಂತ. ಒಂದು ವರ್ಷ ಆಯಿತು. ಇನ್ನೂ ಬಿಡಬಹುದೇ?

ಉತ್ತರ: ಛಾವಣಿ, ಗೋಡೆ, ಬಣ್ಣದ ಕೆಲಸ ಮುಗಿದ ದಿನವೇ ಕೀಳಬೇಕಿತ್ತು. ಬಿಸಿಲಿಗೆ ಅದರ ಗೋಂದು ಬೆಂದು ವಿನೈಲ್‌ಗೆ ಕಚ್ಚಿಕೊಂಡಿರುತ್ತದೆ. ಈಗ ಎಳೆದರೆ ಉಗುರಿನಷ್ಟು ಉಗುರಿನಷ್ಟೇ ಹರಿದು ಬರುತ್ತದೆ, ನೋಡಿ. ಬಿಸಿ ನೀರಲ್ಲಿ ಅದ್ದಿದ ಬಟ್ಟೆಯನ್ನು ಐದು ನಿಮಿಷ ಮೇಲೆ ಒತ್ತಿಟ್ಟು ಒಂದು ಮೂಲೆಯಿಂದ ನಿಧಾನಕ್ಕೆ ಸುಲಿಯಿರಿ, ಉಳಿದ ಅಂಟನ್ನು ಸೋಪಿನ ನೀರಲ್ಲಿ ಉಜ್ಜಿ. ಅವಸರಕ್ಕೆ ಉಗುರು ಬಣ್ಣ ತೆಗೆಯುವ ಅಸಿಟೋನ್ ಹಾಕಿದರೆ ಅಂಟಿನ ಜೊತೆ ವಿನೈಲ್‌ನ ಮೈಯೂ ಕರಗುತ್ತದೆ. ಒಂದೇ ದಿನ ಎಲ್ಲ ಆಗುವುದಿಲ್ಲ, ದಿನಕ್ಕೆ ಒಂದು ಕಿಟಕಿ ಇಟ್ಟುಕೊಳ್ಳಿ.